ಖುಲಾಸೆ ಆದ ಮೇಲೂ ಅರ್ಜಿಯಲ್ಲಿ ‘ಕೇಸ್ ಇತ್ತು’ ಅಂತ ಬರೆಯಬೇಕಾ?

ಕೆರೆಏರಿ_ಹುಡುಗ:

ನಮಸ್ಕಾರ. ತಿಳಿದವರು ಸ್ವಲ್ಪ ಬೇಗ ಹೇಳಿದರೆ ಉಪಕಾರ ಆಗುತ್ತದೆ, ನಮೂನೆ ಕೊಡಲು ಈ ವಾರವೇ ಕೊನೆ.

ನನ್ನ ತಮ್ಮನ ಮೇಲೆ 2019ರಲ್ಲಿ ಒಂದು ಹೊಡೆದಾಟದ ಕೇಸ್ ಆಗಿತ್ತು. ಜಮೀನಿನ ಬದುವಿನ ಜಗಳ. ಅವನು ಆಗ ಡಿಗ್ರಿ ಓದುತ್ತಿದ್ದ, ಗಲಾಟೆ ಬಿಡಿಸಲು ಹೋಗಿದ್ದ ಅಷ್ಟೆ. ಆದರೆ ದೂರಿನಲ್ಲಿ ನಮ್ಮ ಮನೆಯ ಗಂಡಸರ ಹೆಸರನ್ನೆಲ್ಲ ಸೇರಿಸಿಬಿಟ್ಟರು, ಇವನು ಮೂರನೇ ಆರೋಪಿ. ಐಪಿಸಿ 323 (ಹೊಡೆತ), 324 (ಆಯುಧದಿಂದ ಗಾಯ), 504 (ಅವಮಾನ), 506 (ಬೆದರಿಕೆ), ಜೊತೆಗೆ ಎಲ್ಲರೂ ಸೇರಿ ಮಾಡಿದರು ಅನ್ನುವ 34. ಚಾರ್ಜ್‌ಶೀಟ್ ಆಯ್ತು, ವರ್ಷಗಟ್ಟಲೆ ತಾರೀಕು ಬಿತ್ತು. ಕೊನೆಗೆ ಜೆಎಂಎಫ್‌ಸಿ (ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್) ಕೋರ್ಟ್‌ನಲ್ಲಿ ಎಲ್ಲರಿಗೂ ಖುಲಾಸೆ ಆಯ್ತು. ಅಷ್ಟರಲ್ಲಿ ಎರಡೂ ಮನೆಯವರು ಮಾತಾಡುವಂತಾಗಿದ್ದರು, ಸಾಕ್ಷಿಗಳೂ ಕೋರ್ಟ್‌ನಲ್ಲಿ ಏನೂ ಗೊತ್ತಿಲ್ಲ ಅಂದರು.

ಈಗ ತಮ್ಮ ಒಂದು ಸರ್ಕಾರಿ ಹುದ್ದೆಗೆ ಆಯ್ಕೆ ಆಗಿದ್ದಾನೆ. ಪೊಲೀಸ್ ಪರಿಶೀಲನೆಯ ನಮೂನೆ ಬಂದಿದೆ. ಅದರಲ್ಲಿ ‘ನಿಮ್ಮ ವಿರುದ್ಧ ಎಂದಾದರೂ ಕ್ರಿಮಿನಲ್ ಪ್ರಕರಣ ದಾಖಲಾಗಿತ್ತೇ’ ಅಂತ ಇದೆ. ನಮ್ಮ ಮಾವ ‘ಖುಲಾಸೆ ಅಂದರೆ ಕೇಸೇ ಇರಲಿಲ್ಲ ಅಂದಂಗೆ, ಇಲ್ಲ ಅಂತ ಬರಿ’ ಅನ್ನುತ್ತಾರೆ. ಊರಿನ ಇನ್ನೊಬ್ಬರು ತೀರ್ಪು ನೋಡಿ ‘ಇದು ಸಂಶಯದ ಲಾಭ ಕೊಟ್ಟು ಬಿಟ್ಟಿರೋದು, ಗೌರವಯುತ ಖುಲಾಸೆ ಅಲ್ಲ, ಇದರಿಂದ ಕೆಲಸ ಸಿಗಲ್ಲ’ ಅಂದರು. ತಮ್ಮ ಎರಡು ದಿನದಿಂದ ಸರಿಯಾಗಿ ಊಟ ಮಾಡಿಲ್ಲ. ಯಾರ ಮಾತು ಸರಿ? ಇನ್ನೊಂದು, ಖುಲಾಸೆ ಮಾಡುವ ಹೊತ್ತಿಗೆ ಕೋರ್ಟ್ ಆರು ತಿಂಗಳ ಬಾಂಡ್ ಬರೆಸಿಕೊಂಡಿತು. ಬಿಟ್ಟ ಮೇಲೆ ಬಾಂಡ್ ಯಾಕೆ? ಅಂದರೆ ಕೇಸ್ ಇನ್ನೂ ಇದೆಯಾ?

ತಾಲ್ಲೂಕು_ವಕೀಲ:

ಮೊದಲು ಅವಸರದ ವಿಷಯ. ‘ಹೌದು’ ಅಂತಲೇ ಬರೆಯಿರಿ. ಮಾವನ ಮಾತು ಕೇಳಬೇಡಿ. ನಮೂನೆಯಲ್ಲಿ ಕೇಳಿರುವುದು ಶಿಕ್ಷೆ ಆಗಿದೆಯೇ ಅಂತ ಅಲ್ಲ, ಎಂದಾದರೂ ಪ್ರಕರಣ ದಾಖಲಾಗಿತ್ತೇ ಅಂತ. ಖುಲಾಸೆ ಆದರೆ ನಿಮ್ಮ ತಮ್ಮ ಅಪರಾಧಿ ಅಲ್ಲ ಅಂತ ಆಯ್ತೇ ಹೊರತು ಎಫ್‌ಐಆರ್ ಆಗಿಯೇ ಇರಲಿಲ್ಲ ಅಂತ ಆಗುವುದಿಲ್ಲ. ಕ್ರೈಂ ನಂಬರ್, ಅಂದರೆ ಎಫ್‌ಐಆರ್‌ನ ಸಂಖ್ಯೆ, ಠಾಣೆಯ ದಾಖಲೆಯಲ್ಲಿ ಇದ್ದೇ ಇರುತ್ತದೆ, ಪರಿಶೀಲನೆಗೆ ಹೋದವರಿಗೆ ಮೊದಲು ಸಿಗುವುದೇ ಅದು. ಕೇಸ್ ಇದ್ದಿದ್ದಕ್ಕೆ ಕೆಲಸ ಹೋದವರಿಗಿಂತ ಕೇಸ್ ಮುಚ್ಚಿಟ್ಟಿದ್ದಕ್ಕೆ ಕೆಲಸ ಹೋದವರನ್ನೇ ನಾನು ಜಾಸ್ತಿ ನೋಡಿದ್ದೇನೆ.

ಈ ವಿಷಯದಲ್ಲಿ ಎಲ್ಲರೂ ಹಿಡಿಯುವ ತೀರ್ಪು ಅವತಾರ್ ಸಿಂಗ್ ವಿರುದ್ಧ ಭಾರತ ಒಕ್ಕೂಟ, ಸುಪ್ರೀಂ ಕೋರ್ಟ್, 2016. ಮೂವರು ನ್ಯಾಯಮೂರ್ತಿಗಳ ಪೀಠ. ಅದಕ್ಕೆ ಮೊದಲು ಬೇರೆ ಬೇರೆ ಪೀಠಗಳು ಬೇರೆ ಬೇರೆ ಥರ ಹೇಳಿದ್ದವು, ಆ ಗೊಂದಲ ಬಿಡಿಸಲು ಬಂದದ್ದು ಇದು. ಅದರ ಸಾರ ಇಷ್ಟು: ಕೇಳಿದ್ದಕ್ಕೆ ನಿಜ ಹೇಳಬೇಕು. ನಿಜ ಹೇಳಿದ ಮಾತ್ರಕ್ಕೆ ಕೆಲಸ ಕೊಡಲೇಬೇಕು ಅಂತಿಲ್ಲ, ಪೂರ್ವಾಪರ ನೋಡುವ ಹಕ್ಕು ಕೆಲಸ ಕೊಡುವವರಿಗೆ ಇದೆ. ಆದರೆ ಕಣ್ಣು ಮುಚ್ಚಿಕೊಂಡು ತಳ್ಳಿಹಾಕುವಂತೆಯೂ ಇಲ್ಲ. ಯಾವ ಹುದ್ದೆ, ಯಾವ ಥರದ ಆರೋಪ, ಆಗ ವಯಸ್ಸೆಷ್ಟು, ಕೊನೆಗೆ ಏನಾಯ್ತು ಇದನ್ನೆಲ್ಲ ತೂಗಿ ನೋಡಬೇಕು. ಚಿಕ್ಕ ವಯಸ್ಸಿನಲ್ಲಿ ಘೋಷಣೆ ಕೂಗಿದಂಥ ಸಣ್ಣಪುಟ್ಟ ಕೇಸ್ ಆದರೆ ಮುಚ್ಚಿಟ್ಟಿದ್ದನ್ನೂ ಕ್ಷಮಿಸಬಹುದು ಅಂತ ಆ ತೀರ್ಪು ಹೇಳುತ್ತದೆ. ಹಾಗಂತ ಆ ಕ್ಷಮೆಯನ್ನು ನಂಬಿಕೊಂಡು ಯಾರೂ ‘ಇಲ್ಲ’ ಅಂತ ಬರೆಯಬಾರದು.

ಇನ್ನು ‘ಸಂಶಯದ ಲಾಭ ಕೊಟ್ಟು ಬಿಟ್ಟಿರೋದು’ ಅನ್ನುವ ಮಾತು. ಇದು ಕೇಳಿದಾಗೆಲ್ಲ ನನಗೆ ಬೇಜಾರಾಗುತ್ತದೆ, ಯಾಕಂದರೆ ಹೇಳುವವರು ಅದನ್ನು ಅರ್ಧ ಅಪರಾಧಿ ಅನ್ನುವ ಅರ್ಥದಲ್ಲಿ ಹೇಳುತ್ತಾರೆ. ನಮ್ಮ ಕ್ರಿಮಿನಲ್ ಕಾನೂನಿನಲ್ಲಿ ಅರ್ಧ ಅಂತ ಏನೂ ಇಲ್ಲ. ವಿಚಾರಣೆ ಮುಗಿದರೆ ಒಂದೋ ಅಪರಾಧಿ, ಇಲ್ಲ ಖುಲಾಸೆ. ನಿಮ್ಮ ತಮ್ಮನ ತೀರ್ಪಿನ ಕೊನೇ ಪುಟ ನೋಡಿ, ‘ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) ಕಲಂ 248(1)ರ ಅಡಿ’ ಅಂತ ಇರಬೇಕು. ಆ ಕಲಮಿನಲ್ಲಿ ಇರುವುದು ಒಂದೇ ಥರದ ಖುಲಾಸೆ. ಸಾಬೀತು ಮಾಡುವ ಹೊಣೆ ಸರ್ಕಾರದ್ದು, ಅದೂ ಸಂಶಯಕ್ಕೆ ಎಡೆಯಿಲ್ಲದಂತೆ ಸಾಬೀತು ಮಾಡಬೇಕು. ಆರೋಪಿ ತಾನು ನಿರಪರಾಧಿ ಅಂತ ತೋರಿಸಬೇಕಾಗಿಲ್ಲ. ಹಾಗಿರುವಾಗ ‘ಇವನು ಮಾಡಿಯೇ ಇಲ್ಲ’ ಅಂತ ನ್ಯಾಯಾಧೀಶರು ಬರೆಯುವ ಸಂದರ್ಭವೇ ಅಪರೂಪ, ಅಲ್ವಾ? ಆ ಪ್ರಶ್ನೆ ಅವರ ಮುಂದೆ ಬಂದಿರುವುದೇ ಇಲ್ಲ. ಅವರ ಮುಂದಿರುವ ಪ್ರಶ್ನೆ, ಸರ್ಕಾರ ಸಾಬೀತು ಮಾಡಿತೇ ಅನ್ನುವುದು.

2007ರಲ್ಲಿ ಚಂದ್ರಪ್ಪ ವಿರುದ್ಧ ಕರ್ನಾಟಕ ರಾಜ್ಯ ಅನ್ನುವ ತೀರ್ಪಿನಲ್ಲಿ, ಅದು ನಮ್ಮ ರಾಜ್ಯದಿಂದಲೇ ಹೋದ ಕೇಸ್, ಸುಪ್ರೀಂ ಕೋರ್ಟ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಹೇಳಿದೆ. ಯಾವುದೇ ಆರೋಪಿ ನಿರಪರಾಧಿ ಅಂತಲೇ ಕಾನೂನು ಮೊದಲು ಊಹಿಸುತ್ತದೆ, ಖುಲಾಸೆ ಆದ ಮೇಲೆ ಆ ಊಹೆ ದುಪ್ಪಟ್ಟು ಗಟ್ಟಿಯಾಗುತ್ತದೆ ಅಂತ. ಊರಿನವರು ತಿರುಗಿ ಏನಾದರೂ ಅಂದರೆ ಇದನ್ನೇ ಹೇಳಿ.

ಹಾಗಾದರೆ ‘ಗೌರವಯುತ ಖುಲಾಸೆ’ ಎಲ್ಲಿಂದ ಬಂತು? ಸಿಆರ್‌ಪಿಸಿಯಲ್ಲಿ ಹುಡುಕಿದರೆ ಸಿಗುವುದಿಲ್ಲ, ಅದರ ಜಾಗಕ್ಕೆ ಬಂದಿರುವ ಈಗಿನ ಬಿಎನ್‌ಎಸ್‌ಎಸ್‌ನಲ್ಲೂ ಇಲ್ಲ. ಅದು ನೌಕರಿಯ ವ್ಯವಹಾರದಲ್ಲಿ ಬೆಳೆದ ಮಾತು. ಅಮಾನತಾದ ನೌಕರನನ್ನು ವಾಪಸ್ ತೆಗೆದುಕೊಳ್ಳಬೇಕೇ, ಸಂಬಳ ಕೊಡಬೇಕೇ ಅನ್ನುವಾಗ ಇಲಾಖೆಗಳು ಇದನ್ನು ಕೇಳುತ್ತವೆ. 2012ರ ಸಮುದಿರಂ ತೀರ್ಪಿನಲ್ಲಿ ತಮಿಳುನಾಡಿನ ಒಬ್ಬ ಪೊಲೀಸ್ ಮೇಲೆ ಹೆಣ್ಣುಮಗಳನ್ನು ಚುಡಾಯಿಸಿದ ಆರೋಪ ಇತ್ತು. ಸಾಕ್ಷಿಗಳು ಉಲ್ಟಾ ಹೊಡೆದರು, ಖುಲಾಸೆ ಆಯ್ತು. ಆದರೂ ಇಲಾಖೆ ವಜಾ ಮಾಡಿದ್ದು ಸರಿ ಅಂತ ಸುಪ್ರೀಂ ಕೋರ್ಟ್ ಹೇಳಿತು. ಸಾಕ್ಷ್ಯವನ್ನೆಲ್ಲ ಪೂರ್ತಿ ಪರಿಶೀಲಿಸಿದ ಮೇಲೂ ಆರೋಪ ಸಾಬೀತು ಮಾಡಲು ಸರ್ಕಾರ ತೀರಾ ಸೋತಾಗ ಮಾತ್ರ ಅದನ್ನು ಗೌರವಯುತ ಖುಲಾಸೆ ಅನ್ನಬಹುದು ಅನ್ನುವುದು ಅದರ ಅಭಿಪ್ರಾಯ. ಆದರೆ 2023ರ ಡಿಸೆಂಬರ್‌ನಲ್ಲಿ ರಾಮ್ ಲಾಲ್ ವಿರುದ್ಧ ರಾಜಸ್ಥಾನ ರಾಜ್ಯ ಅನ್ನುವ ಕೇಸ್‌ನಲ್ಲಿ ಅದೇ ಸುಪ್ರೀಂ ಕೋರ್ಟ್, ಈ ಮಾತುಗಳನ್ನು ಮಂತ್ರದ ಹಾಗೆ ನೋಡಬೇಡಿ, ತೀರ್ಪಿನ ಒಳಗೆ ನಿಜವಾಗಿ ಏನು ಬರೆದಿದೆ ಅದನ್ನು ಓದಿ ಅಂತ ಹೇಳಿತು. ಆ ಕೇಸ್‌ನ ಕಾನ್‌ಸ್ಟೇಬಲ್ ರಾಮ್ ಲಾಲ್‌ಗೆ ಕೆಲಸ ವಾಪಸ್ ಸಿಕ್ಕಿತು.

ಹಾಗಾಗಿ ನಿಮ್ಮ ತಮ್ಮನ ತೀರ್ಪನ್ನು ಕೂತು ಓದಿ. ಕೊನೇ ಸಾಲಲ್ಲ, ಒಳಗಿನ ಕಾರಣಗಳನ್ನು. ಗಾಯಾಳುಗಳೇ ಇವನ ಹೆಸರು ಹೇಳಿಲ್ಲವಾ, ಗಾಯದ ಸರ್ಟಿಫಿಕೇಟ್ ಏನು ಹೇಳುತ್ತದೆ, ಮಹಜರಿನ ಪಂಚರು ಏನಂದರು, ಇವನ ಕೈಯಲ್ಲಿ ಏನಾದರೂ ಇತ್ತು ಅಂತ ಒಬ್ಬರಾದರೂ ಹೇಳಿದ್ದಾರಾ. ಉಪಯೋಗಕ್ಕೆ ಬರುವುದು ಅದು.

ಬಾಂಡ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಅದು ಸಿಆರ್‌ಪಿಸಿ ಕಲಂ 437ಎ, ಬಿಎನ್‌ಎಸ್‌ಎಸ್‌ನಲ್ಲಿ 481. ಒಂದು ವೇಳೆ ಮೇಲ್ಮನವಿ ಆಗಿ ಮೇಲಿನ ಕೋರ್ಟ್ ನೋಟಿಸ್ ಕೊಟ್ಟರೆ ಬರುತ್ತೇನೆ ಅನ್ನುವ ಮುಚ್ಚಳಿಕೆ ಅಷ್ಟೆ. ಆರು ತಿಂಗಳು ಜಾರಿಯಲ್ಲಿರುತ್ತದೆ. ಎಲ್ಲರಿಂದಲೂ ತೆಗೆದುಕೊಳ್ಳುತ್ತಾರೆ.

ಮಂಜುಳ_ಶಿವಮೊಗ್ಗ:

ಒಳ್ಳೆಯ ಉತ್ತರ ಸರ್. ಇದೇ ಜಾಗದಲ್ಲಿ ಒಂದು ಕೇಳಿಬಿಡುತ್ತೇನೆ. ನಮ್ಮ ಚಿಕ್ಕಪ್ಪನ ಮೇಲಿನ ದೂರಿಗೆ ಪೊಲೀಸರು ಬಿ ರಿಪೋರ್ಟ್ ಹಾಕಿದ್ದಾರೆ. ಮನೆಯಲ್ಲಿ ಎಲ್ಲರೂ ಖುಲಾಸೆ ಆಯ್ತು ಅಂತ ಸಿಹಿ ಹಂಚಿದರು. ಪೇಪರ್‌ನಲ್ಲೂ ಜಾಮೀನಿನ ಮೇಲೆ ಹೊರಬಂದವರಿಗೂ ಬಿಡುಗಡೆ, ಕೇಸ್ ಗೆದ್ದವರಿಗೂ ಬಿಡುಗಡೆ ಅಂತ ಬರೆಯುತ್ತಾರೆ. ಇವೆಲ್ಲ ಒಂದೇನಾ?

ತಾಲ್ಲೂಕು_ವಕೀಲ:

ಇಲ್ಲ ಮೇಡಂ, ಬೇರೆ ಬೇರೆ. ಬಿ ರಿಪೋರ್ಟ್ ಅಂದರೆ ತನಿಖೆ ಮಾಡಿ ನೋಡಿದೆವು, ದೂರು ಸುಳ್ಳು ಅಥವಾ ಸಾಕ್ಷ್ಯ ಇಲ್ಲ ಅಂತ ಪೊಲೀಸರು ಕೋರ್ಟ್‌ಗೆ ಕೊಡುವ ವರದಿ. ಅದು ಪೊಲೀಸರ ಅಭಿಪ್ರಾಯ ಮಾತ್ರ. ಮ್ಯಾಜಿಸ್ಟ್ರೇಟರು ಅದನ್ನು ಒಪ್ಪಬೇಕು. ದೂರುದಾರರಿಗೆ ನೋಟಿಸ್ ಹೋಗುತ್ತದೆ, ಅವರು ತಕರಾರು ಅರ್ಜಿ ಹಾಕಬಹುದು, ಕೋರ್ಟ್‌ಗೆ ಸರಿ ಅನ್ನಿಸಿದರೆ ಬಿ ರಿಪೋರ್ಟ್ ತಳ್ಳಿಹಾಕಿ ಕೇಸ್ ಮುಂದುವರಿಸಬಹುದು. ಚಿಕ್ಕಪ್ಪನ ಬಿ ರಿಪೋರ್ಟ್ ಕೋರ್ಟ್ ಒಪ್ಪಿದೆಯಾ ಅಂತ ಮೊದಲು ನೋಡಿ.

ಮುಂದಿನದು ಡಿಸ್ಚಾರ್ಜ್, ಅಂದರೆ ಆರೋಪದಿಂದ ಕೈಬಿಡುವುದು. ಚಾರ್ಜ್‌ಶೀಟ್ ಬಂದಿರುತ್ತದೆ, ಆದರೆ ಆರೋಪ ಹೊರಿಸುವ ಮಟ್ಟಕ್ಕೂ ಅದರಲ್ಲಿ ಏನೂ ಇಲ್ಲ ಅನ್ನಿಸಿದರೆ ಕೋರ್ಟ್ ಅಲ್ಲೇ ಕೈಬಿಡುತ್ತದೆ. ಸೆಷನ್ಸ್ ಕೇಸ್ ಆದರೆ ಹಳೇ ಸಿಆರ್‌ಪಿಸಿ 227, ಮ್ಯಾಜಿಸ್ಟ್ರೇಟ್ ಮುಂದಿನ ವಾರಂಟ್ ಕೇಸ್ ಆದರೆ 239. ವಿಚಾರಣೆಯೇ ಬೇಡ ಅಂತ ಬಿಟ್ಟರು ಅಂದರೆ ಕೇಳಲು ಖುಲಾಸೆಗಿಂತ ಒಳ್ಳೆಯದು ಅನ್ನಿಸುತ್ತದೆ, ನಿಜ. ಆದರೆ ಒಂದು ಕಡೆ ಅದು ಖುಲಾಸೆಗಿಂತ ಬಡವು. ಖುಲಾಸೆ ಆಗಿ ಆ ತೀರ್ಪು ನಿಂತರೆ ಅದೇ ಅಪರಾಧಕ್ಕೆ ಮತ್ತೆ ವಿಚಾರಣೆ ಮಾಡುವಂತಿಲ್ಲ, ಸಿಆರ್‌ಪಿಸಿ 300, ಈಗ ಬಿಎನ್‌ಎಸ್‌ಎಸ್ 337. ಡಿಸ್ಚಾರ್ಜ್ ಖುಲಾಸೆ ಅಲ್ಲ ಅಂತ ಅದೇ ಕಲಮಿನ ವಿವರಣೆಯಲ್ಲಿ ಬರೆದಿದೆ. ಹೊಸ ಸಾಕ್ಷ್ಯ ಸಿಕ್ಕರೆ ಮತ್ತೆ ಬರಬಹುದು.

ರಾಜಿ ಆದರೆ? 323, 504, 506 ಥರದ ಕಲಂಗಳಲ್ಲಿ ರಾಜಿಗೆ ಅವಕಾಶ ಇದೆ, ರಾಜಿ ಆದರೆ ಅದರ ಪರಿಣಾಮ ಖುಲಾಸೆಯೇ. ಪ್ರಶ್ನೆ ಕೇಳಿದವರ ಕೇಸ್‌ನಲ್ಲಿ 324 ಇತ್ತಲ್ಲ, ಅದು ರಾಜಿಗೆ ಬರುವ ಕಲಂ ಅಲ್ಲ. ಅದಕ್ಕೇ ಊರಲ್ಲಿ ರಾಜಿ ಆದ ಮೇಲೂ ವಿಚಾರಣೆ ನಡೆದು ಸಾಕ್ಷಿಗಳು ಕೋರ್ಟ್‌ನಲ್ಲಿ ತಿರುಗಿ ಬಿದ್ದು ‘ಸಂಶಯದ ಲಾಭ’ ಅಂತ ಬರೆಸಿಕೊಳ್ಳಬೇಕಾಗುತ್ತದೆ. ಹಳ್ಳಿ ಕಡೆಯ ಎಷ್ಟೋ ಹುಡುಗರ ತೀರ್ಪಿನಲ್ಲಿ ಆ ಮಾತು ಬಂದು ಕೂತಿರುವುದು ಹೀಗೆ. ಅವರು ಏನೋ ಮಾಡಿ ತಪ್ಪಿಸಿಕೊಂಡರು ಅಂತ ಓದುವುದು ನ್ಯಾಯ ಅಲ್ಲ.

ಜಾಮೀನಿಗೂ ಇದಕ್ಕೂ ಸಂಬಂಧವೇ ಇಲ್ಲ. ಜಾಮೀನು ಅಂದರೆ ಕೇಸ್ ನಡೆಯುವಾಗ ಹೊರಗಿರುವುದು, ಅಷ್ಟೆ.

ಗಣಿಸೀಮೆಯವ:

ಕೋಲಾರ ಕಡೆಯವನು ನಾನು. ನಮ್ಮ ಕೆಜಿಎಫ್‌ನ ಒಂದು ಕೇಸ್ ಇಲ್ಲಿ ಹೇಳಲೇಬೇಕು, ಯಾಕಂದರೆ ದೇಶದ ಎಲ್ಲ ಕೋರ್ಟ್‌ಗಳಲ್ಲೂ ಇವತ್ತಿಗೂ ಇದನ್ನು ಓದುತ್ತಾರೆ. ಕ್ಯಾಪ್ಟನ್ ಪಾಲ್ ಆಂಟನಿ ವಿರುದ್ಧ ಭಾರತ್ ಗೋಲ್ಡ್ ಮೈನ್ಸ್, 1999. ಅವರು ಗಣಿಯಲ್ಲಿ ಭದ್ರತಾ ಅಧಿಕಾರಿ. 1985ರಲ್ಲಿ ಪೊಲೀಸರು ಅವರ ಮನೆ ಮೇಲೆ ದಾಳಿ ಮಾಡಿ 4.5 ಗ್ರಾಂ ತೂಕದ ಒಂದು ಚಿನ್ನದ ಉಂಡೆ, 1276 ಗ್ರಾಂ ಚಿನ್ನ ಬೆರೆತ ಮರಳು ಸಿಕ್ಕಿತು ಅಂದರು. ಅಮಾನತು ಆಯ್ತು. ಕ್ರಿಮಿನಲ್ ಕೇಸೂ ಆಯ್ತು, ಇಲಾಖಾ ವಿಚಾರಣೆಯೂ ಆಯ್ತು, ಎರಡೂ ಒಟ್ಟಿಗೆ. ಅಮಾನತಿನಲ್ಲಿದ್ದಾಗ ಕೊಡಬೇಕಾದ ಜೀವನಾಂಶ ಭತ್ಯೆ ಕೊಟ್ಟಿರಲಿಲ್ಲ. ಕೈಯಲ್ಲಿ ದುಡ್ಡಿಲ್ಲದೆ ಕೇರಳದ ಊರಿನಿಂದ ವಿಚಾರಣೆಗೆ ಬರಲು ಅವರಿಗೆ ಆಗಲಿಲ್ಲ. ಅವರಿಲ್ಲದೆಯೇ ವಿಚಾರಣೆ ಮುಗಿಸಿ 1986ರಲ್ಲಿ ವಜಾ ಮಾಡಿದರು. 1987ರಲ್ಲಿ ಕ್ರಿಮಿನಲ್ ಕೋರ್ಟ್ ಖುಲಾಸೆ ಮಾಡಿತು, ದಾಳಿ ಆಗಿದ್ದು ಚಿನ್ನ ಸಿಕ್ಕಿದ್ದು ಯಾವುದೂ ಸಾಬೀತಾಗಿಲ್ಲ ಅಂತ. ಆದರೂ ಕೆಲಸ ವಾಪಸ್ ಸಿಗಲಿಲ್ಲ. ಸುಪ್ರೀಂ ಕೋರ್ಟ್‌ವರೆಗೆ ಹೋಗಿ 1999ರಲ್ಲಿ ಗೆದ್ದರು. ಎರಡು ಕಡೆಯೂ ಅದೇ ಸಂಗತಿ, ಅದೇ ಸಾಕ್ಷಿಗಳು. ಕೋರ್ಟ್ ಅವರನ್ನು ನಂಬದೆ ಖುಲಾಸೆ ಮಾಡಿರುವಾಗ ಏಕಪಕ್ಷೀಯ ಇಲಾಖಾ ತೀರ್ಮಾನವನ್ನು ಉಳಿಸುವುದು ಅನ್ಯಾಯ ಅಂತ ಸುಪ್ರೀಂ ಕೋರ್ಟ್ ಹೇಳಿತು.

ಖುಲಾಸೆ ಆದರೆ ಇಲಾಖೆ ಸುಮ್ನೆ ಆಗಿಬಿಡುತ್ತದೆ ಅಂತ ಇದರ ಅರ್ಥ ಅಲ್ಲ. ಇಲಾಖಾ ವಿಚಾರಣೆಗೆ ‘ಆಗಿರುವ ಸಂಭವ ಜಾಸ್ತಿ’ ಅನ್ನುವಷ್ಟು ಪುರಾವೆ ಸಾಕು, ಕೋರ್ಟ್‌ಗೆ ಬೇಕಾದಷ್ಟು ಬೇಡ. ಆದರೆ ಖುಲಾಸೆ ಯಾವ ಕಾರಣಕ್ಕೆ ಆಯ್ತು ಅನ್ನುವುದರ ಮೇಲೆ ಎಷ್ಟು ನಿಂತಿದೆ ನೋಡಿ. ವಕೀಲರು ತೀರ್ಪಿನ ಒಳಗೆ ಓದಿ ಅಂದಿದ್ದು ಅದಕ್ಕೇ.

ಕೆರೆಏರಿ_ಹುಡುಗ:

ಎಲ್ಲರಿಗೂ ತುಂಬಾ ಧನ್ಯವಾದ. ತಮ್ಮನಿಗೂ ಓದಿಸಿದೆ. ತೀರ್ಪು ತೆಗೆದು ನೋಡಿದೆವು, 248(1) ಅಂತಲೇ ಇದೆ. ಒಳಗೆ, ಮೂರನೇ ಆರೋಪಿ ಹೊಡೆದ ಅಂತ ಯಾವ ಸಾಕ್ಷಿಯೂ ಹೇಳಿಲ್ಲ ಅನ್ನುವ ಒಂದು ಪ್ಯಾರಾ ಇದೆ. ಇಷ್ಟು ದಿನ ನಾವ್ಯಾರೂ ಅದನ್ನು ಓದಿಯೇ ಇರಲಿಲ್ಲ. ಕೊನೇ ಪುಟ ಮಾತ್ರ ನೋಡಿ ಬೀರುವಿನಲ್ಲಿ ಇಟ್ಟಿದ್ದೆವು.

ಎರಡು ಸಂದೇಹ ಉಳಿದಿವೆ. ಎದುರು ಪಾರ್ಟಿ ಈಗ ಮೇಲ್ಮನವಿ ಹಾಕಬಹುದಾ? ಮತ್ತೆ ಮುಂದೆ ಪಾಸ್‌ಪೋರ್ಟ್ ಬೇಕಾದರೆ ತೊಂದರೆ ಆಗುತ್ತದಾ?

ತಾಲ್ಲೂಕು_ವಕೀಲ:

ಆ ಪ್ಯಾರಾ ಬಹಳ ಮುಖ್ಯ. ಸಾಕ್ಷಿಗಳು ಉಲ್ಟಾ ಹೊಡೆದದ್ದು ಒಂದು ಕಡೆ ಇರಲಿ, ಇವನ ಮೇಲೆ ಸಾಕ್ಷ್ಯವೇ ಇಲ್ಲ ಅಂತ ಕೋರ್ಟ್ ಬೇರೆಯಾಗಿ ಬರೆದಿದೆ. ಪರಿಶೀಲನೆ ಮಾಡುವವರು ನೋಡಬೇಕಾದದ್ದು ಅದನ್ನೇ.

ಮೇಲ್ಮನವಿಗೆ ಅವಕಾಶ ಇದೆ. ಸರ್ಕಾರ ಹಾಕಬಹುದು, ಅದಕ್ಕೆ ಸಾಮಾನ್ಯವಾಗಿ 90 ದಿನದ ಗಡುವು, ತಡವಾದರೆ ಕಾರಣ ಕೊಟ್ಟು ಮನ್ನಾ ಕೇಳಬೇಕು. ಗಾಯಗೊಂಡವರಿಗೂ ಸಿಆರ್‌ಪಿಸಿ ಕಲಂ 372ರಲ್ಲಿ ಮೇಲ್ಮನವಿಯ ಹಕ್ಕು ಇದೆ. ಆದರೆ ಅವರೇ ಕೋರ್ಟ್‌ನಲ್ಲಿ ನಿಂತು ಏನೂ ಗೊತ್ತಿಲ್ಲ ಅಂದ ಮೇಲೆ ಯಾವ ಮುಖ ಇಟ್ಟುಕೊಂಡು ಹೋಗುತ್ತಾರೆ? ಎದುರಿನವರ ಮೇಲೆ ಸುಳ್ಳು ಕೇಸ್ ಹಾಕಿದರು ಅಂತ ಪರಿಹಾರದ ದಾವೆ ಹಾಕೋಣ ಅಂತ ಯಾರಾದರೂ ನಿಮಗೂ ಹೇಳಬಹುದು. ಅದಕ್ಕೆ ಖುಲಾಸೆ ಒಂದೇ ಸಾಲದು, ದುರುದ್ದೇಶ ಇತ್ತು ಅಂತ ನೀವು ಸಾಬೀತು ಮಾಡಬೇಕು, ಗಡುವು ಒಂದೇ ವರ್ಷ. ಎರಡೂ ಮನೆ ಮಾತಾಡುವಂತಾಗಿದೆಯಲ್ಲ, ಬಿಟ್ಟುಬಿಡಿ.

ಪಾಸ್‌ಪೋರ್ಟ್‌ಗೆ ತೊಂದರೆ ಕೊಡುವುದು ಬಾಕಿ ಇರುವ ಕೇಸ್. 1967ರ ಪಾಸ್‌ಪೋರ್ಟ್ ಕಾಯ್ದೆಯ 6(2)(ಎಫ್) ಕೋರ್ಟ್‌ನಲ್ಲಿ ನಡೆಯುತ್ತಿರುವ ಕೇಸ್ ಬಗ್ಗೆ ಹೇಳುತ್ತದೆ. ಖುಲಾಸೆ ಆದ ಮೇಲೆ ಅದು ಅನ್ವಯಿಸುವುದಿಲ್ಲ. ಠಾಣೆಯ ದಾಖಲೆಯಲ್ಲಿ ಹಳೇ ಕೇಸ್ ಇನ್ನೂ ‘ವಿಚಾರಣೆಯಲ್ಲಿದೆ’ ಅಂತಲೇ ಉಳಿದಿರುವ ಸಾಧ್ಯತೆ ಇದೆ, ಆಗ ತೀರ್ಪಿನ ದೃಢೀಕೃತ ಪ್ರತಿ ತೋರಿಸಿದರೆ ಆಯ್ತು.

ಎಡಿನ್‌ಬರಾ_ಕನ್ನಡಿಗ:

ಹೊರದೇಶಕ್ಕೆ ಹೋಗುವ ಯೋಚನೆ ಇರುವವರಿಗೂ ಒಂದು ಮಾತು. ವೀಸಾ ಅರ್ಜಿಯಲ್ಲೂ ಪ್ರಶ್ನೆಯನ್ನು ಪದ ಪದ ಬಿಡಿಸಿ ಓದಿ. ಅಮೆರಿಕದ ವೀಸಾ ನಮೂನೆ ಡಿಎಸ್-160 ‘ಎಂದಾದರೂ ಬಂಧನ ಅಥವಾ ಶಿಕ್ಷೆ ಆಗಿದೆಯೇ’ ಅಂತ ಕೇಳುತ್ತದೆ. ಖುಲಾಸೆ ಆಗಿದ್ದರೂ ಬಂಧನ ಆಗಿದ್ದರೆ ಉತ್ತರ ‘ಹೌದು’. ಬರೀ ಶಿಕ್ಷೆ ಬಗ್ಗೆ ಕೇಳಿದ್ದರೆ ‘ಇಲ್ಲ’. ಎರಡನ್ನೂ ಒಂದೇ ಅಂದುಕೊಂಡು ಟಿಕ್ ಹಾಕಬೇಡಿ.

ಮೇಲೆ ಅರ್ಧ ಅಪರಾಧಿ ಅನ್ನುವ ಮಾತು ಬಂತು. ನಾನಿರುವ ಸ್ಕಾಟ್ಲೆಂಡ್‌ನಲ್ಲಿ ನಿಜವಾಗಿಯೂ ಅಂಥದ್ದೊಂದು ಇತ್ತು. ಅಪರಾಧಿ, ನಿರಪರಾಧಿ, ಇವೆರಡರ ಜೊತೆ ‘ಸಾಬೀತಾಗಿಲ್ಲ’ ಅನ್ನುವ ಮೂರನೇ ತೀರ್ಪು. ಕಾನೂನಿನಲ್ಲಿ ಅದೂ ಖುಲಾಸೆಯೇ, ಆದರೆ ಜನ ಅದನ್ನು ಹಾಗೆ ನೋಡುತ್ತಿರಲಿಲ್ಲ. ಬಿಡುಗಡೆ ಆದವರಿಗೂ ಕಳಂಕ, ನೊಂದವರಿಗೂ ಸಮಾಧಾನ ಇಲ್ಲ. ಕೊನೆಗೆ 2025ರಲ್ಲಿ ಇಲ್ಲಿನ ಪಾರ್ಲಿಮೆಂಟ್ ಅದನ್ನು ತೆಗೆದುಹಾಕಲು ಮತ ಹಾಕಿತು. ಇಲ್ಲಿ ಕಾನೂನಿನಿಂದಲೇ ತೆಗೆದದ್ದನ್ನು ನಮ್ಮ ಕಡೆ ಜನರೇ ಬಾಯಿಮಾತಿನಲ್ಲಿ ಹುಟ್ಟಿಸಿಕೊಂಡಿದ್ದಾರಲ್ಲ ಅಂತ ನೋವಾಗುತ್ತದೆ.

ನಿವೃತ್ತ_ಶಿರಸ್ತೇದಾರ:

ಕೋರ್ಟ್ ಆಫೀಸಿನಲ್ಲಿ ಕೆಲಸ ಮಾಡಿದವನಾಗಿ ಕಾಗದದ ವಿಷಯ ಹೇಳುತ್ತೇನೆ. ಕೈಯಲ್ಲಿರುವ ಜೆರಾಕ್ಸ್ ನಂಬಿಕೊಂಡು ಕೂರಬೇಡಿ. ನಕಲು ಶಾಖೆಯಲ್ಲಿ ಅರ್ಜಿ ಹಾಕಿ ತೀರ್ಪಿನ ದೃಢೀಕೃತ ಪ್ರತಿ ತೆಗೆದುಕೊಳ್ಳಿ, ಒಂದಲ್ಲ, ಎರಡು ಮೂರು ತೆಗೆದಿಡಿ. ಹಳೇ ಕಡತ ರೆಕಾರ್ಡ್ ರೂಮಿಗೆ ಹೋದ ಮೇಲೆ ಹುಡುಕಿಸುವುದು ಕಷ್ಟ. ಸಿಸಿ ನಂಬರ್ (ಕೋರ್ಟ್‌ನಲ್ಲಿ ಕೇಸ್‌ಗೆ ಕೊಟ್ಟ ಸಂಖ್ಯೆ) ಗೊತ್ತಿಲ್ಲದಿದ್ದರೆ ಈ-ಕೋರ್ಟ್ಸ್ ಆ್ಯಪ್‌ನಲ್ಲಿ ಹೆಸರು ಹಾಕಿ ಹುಡುಕಿ, ಆ ಕೇಸ್‌ನ ಗುರುತಿನ ಸಿಎನ್‌ಆರ್ ನಂಬರ್ ಸಿಗುತ್ತದೆ, 16 ಅಕ್ಷರ ಅಂಕಿಗಳದ್ದು. ಕೇಸ್ ಮುಗಿದಿದೆ ಅಂತ ಅಲ್ಲಿ ತೋರಿಸುತ್ತಿದೆಯಾ ಅಂತಲೂ ನೋಡಿಕೊಳ್ಳಿ.

ಇನ್ನೊಂದು ವಿಷಯವನ್ನು ಜನ ಗಮನಿಸುವುದಿಲ್ಲ. ಎಫ್‌ಐಆರ್‌ನಲ್ಲಿ ಊರಲ್ಲಿ ಕರೆಯುವ ಹೆಸರು ಇರುತ್ತದೆ, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಬೇರೆ. ‘ಮಂಜ ಬಿನ್ ಕರಿಯಪ್ಪ’ ಅಂತ ತೀರ್ಪಿನಲ್ಲಿದ್ದು ಅಂಕಪಟ್ಟಿಯಲ್ಲಿ ‘ಮಂಜುನಾಥ ಕೆ.’ ಅಂತ ಇದ್ದರೆ, ಖುಲಾಸೆ ಆದವನು ಇವನೇನಾ ಅನ್ನುವ ಪ್ರಶ್ನೆ ಏಳುತ್ತದೆ. ಇಬ್ಬರೂ ಒಬ್ಬನೇ ಅಂತ ಈಗಲೇ ಒಂದು ಅಫಿಡವಿಟ್ ಮಾಡಿಸಿಡಿ.

ಕೆರೆಏರಿ_ಹುಡುಗ:

ಸರ್, ನಿಮ್ಮ ಮಾತು ಕೇಳಿ ನೋಡಿದರೆ ನಿಜವಾಗಿಯೂ ತಮ್ಮನ ಹೆಸರು ತೀರ್ಪಿನಲ್ಲಿ ಬೇರೆ ಥರ ಇದೆ. ನಾಳೆಯೇ ನೋಟರಿ ಹತ್ತಿರ ಹೋಗುತ್ತೇವೆ. ನಕಲು ಅರ್ಜಿಯನ್ನೂ ಹಾಕುತ್ತೇವೆ. ನಮೂನೆಯಲ್ಲಿ ‘ಹೌದು’ ಅಂತ ಬರೆದಾಯ್ತು. ಆದರೆ ವಿವರ ಬರೆಯಲು ಒಂದೇ ಗೆರೆ ಜಾಗ ಕೊಟ್ಟಿದ್ದಾರೆ, ಏನು ಮಾಡುವುದು?

ತಾಲ್ಲೂಕು_ವಕೀಲ:

ಆ ಗೆರೆಯಲ್ಲಿ ‘ವಿವರ ಲಗತ್ತಿಸಿದೆ’ ಅಂತ ಬರೆಯಿರಿ. ಬೇರೆ ಹಾಳೆಯಲ್ಲಿ ಠಾಣೆ, ಕ್ರೈಂ ನಂಬರ್, ಸಿಸಿ ನಂಬರ್, ಕಲಂಗಳು, ಖುಲಾಸೆ ಆದ ದಿನಾಂಕ, ಮೇಲ್ಮನವಿ ಬಾಕಿ ಇಲ್ಲದಿದ್ದರೆ ಆ ಸಂಗತಿ ಬರೆದು ತಮ್ಮ ಸಹಿ ಹಾಕಲಿ. ಅವನ ಬಗ್ಗೆ ಇರುವ ಆ ಪ್ಯಾರಾ ನಂಬರನ್ನೂ ಬರೆಯಿರಿ. ದೃಢೀಕೃತ ಪ್ರತಿ ಕೈಗೆ ಬರುವುದು ತಡವಾದರೆ ಈಗ ಜೆರಾಕ್ಸ್ ಇಟ್ಟು ‘ನಕಲಿಗೆ ಅರ್ಜಿ ಹಾಕಿದೆ’ ಅಂತ ತಿಳಿಸಿ, ಅರ್ಜಿಯ ರಸೀದಿಯನ್ನೂ ಜೊತೆಗೆ ಇಡಿ. ಕೊಟ್ಟ ಎಲ್ಲದರ ಒಂದು ಪ್ರತಿಗೆ ಆಫೀಸಿನಲ್ಲಿ ಸ್ವೀಕೃತಿ ಮೊಹರು ಹಾಕಿಸಿಕೊಳ್ಳುವುದನ್ನು ಮರೆಯಬೇಡಿ. ನಾಳೆ ಯಾರಾದರೂ ‘ಮುಚ್ಚಿಟ್ಟರು’ ಅಂದರೆ ಆ ಮೊಹರೇ ಉತ್ತರ. ಒಂದು ವೇಳೆ ಕಾರಣ ಕೊಡದೆ ಆಯ್ಕೆ ರದ್ದು ಮಾಡಿದರೆ ಆದೇಶದ ಪ್ರತಿ ತೆಗೆದುಕೊಂಡು ತಡಮಾಡದೆ ಒಬ್ಬ ವಕೀಲರನ್ನು ನೋಡಿ, ಅವತಾರ್ ಸಿಂಗ್ ತೀರ್ಪು ಹಿಡಿದುಕೊಂಡೇ ಹೋಗಿ.